ಹಾರುವ ತಟ್ಟೆಯೂ ಮಾವನ ಕ್ರೇನೂ

ಫೋನಿನ ಆ ತುದಿಯಲ್ಲಿ ಮಾವ ಕೈಸನ್ನೆ ಮಾಡುತ್ತಿದ್ದಾರೆಂದು ನನಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. "ಹಿಂಗ್ ಬಂತು. ಇಲ್ಲಿ ನಿಂತ್ಕೊಂತು. ಆಮೇಲೆ ಹಿಂಗ್ ಹೋಯ್ತು" ಎನ್ನುತ್ತಿದ್ದರು. ಹಿಂಗೆ ಅಂದರೆ ಹೇಗೆ ಎಂದು ಕೇಳಿದರೆ "ಹಿಂಗೇ ಮಾರಾಯ" ಎಂದು ಇನ್ನಷ್ಟು ಗಟ್ಟಿಯಾಗಿ ಹೇಳುತ್ತಿದ್ದರು. ಕೈ ಆಡಿಸದೆ ಅವರಿಗೆ ಚಲನೆಯ ಬಗ್ಗೆ ಮಾತಾಡಲು ಬರುವುದಿಲ್ಲ. ಬದುಕೆಲ್ಲ ಕ್ರೇನು ನಡೆಸಿದವರು. ಕ್ರೇನಿನ ಕೆಳಗೆ ಗದ್ದಲವೇ ಗದ್ದಲ, ಅಲ್ಲಿ ಬಾಯಿ ಮಾತು ನಡೆಯುವುದಿಲ್ಲ, ನೆಲದ ಮೇಲೆ ನಿಂತವನು ಕೈಯಲ್ಲೇ ಎತ್ತು, ಇಳಿಸು, ಸರಿಸು, ನಿಲ್ಲಿಸು ಎನ್ನುತ್ತಾನೆ. ಮೇಲೆ ಕ್ಯಾಬಿನ್ನಿನಲ್ಲಿ ಕೂತವನು ಆ ಕೈಯನ್ನು ನೋಡಿ ನಡೆಸುತ್ತಾನೆ. ಆ ಅಭ್ಯಾಸ ಮಾವನಿಗೆ ಊಟದ ಮನೆಗೂ ಬಂದಿತ್ತು. ಸಾರು ಸಾಕು ಎನ್ನಲು ಮುಷ್ಟಿ ಕಟ್ಟಿ ಮೇಲೆತ್ತುತ್ತಿದ್ದರು.

ಅವರು ನನ್ನ ತಾಯಿಯ ತಮ್ಮ. ಭದ್ರಾವತಿಯ ಜನ್ನಾಪುರದಲ್ಲಿ ಮನೆ. ದೊಡ್ಡ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಮನೆಯಲ್ಲಿ ಕೂರಲಾಗದೆ ಊರಂಚಿನ ಒಂದು ಖಾಸಗಿ ಯಾರ್ಡಿನಲ್ಲಿ ಮತ್ತೆ ಕ್ರೇನು ಹತ್ತಿದ್ದರು. ತಮ್ಮ ಕೆಲಸದ ಬಗ್ಗೆ ಅವರಿಗೆ ವಿನಯವೇನೂ ಇರಲಿಲ್ಲ. ಮೊಟ್ಟೆಯ ಮೇಲೆ ಕಬ್ಬಿಣದ ಹಲಗೆ ಇಳಿಸಿ ಮೊಟ್ಟೆ ಒಡೆಯದಂತೆ ನಿಲ್ಲಿಸಿದ್ದ ಕತೆಯನ್ನು ನೆಂಟರ ಪ್ರತಿ ಮದುವೆಯಲ್ಲೂ ಹೇಳುತ್ತಿದ್ದರು, ಮತ್ತು ಪ್ರತಿ ಮದುವೆಗೂ ಹಲಗೆ ದಪ್ಪವಾಗುತ್ತಿತ್ತು. ಮನೆಯವರು ಅವರ ಮಾತಿನಲ್ಲಿ ಅರ್ಧ ಕಳೆದು ಕೇಳುತ್ತಿದ್ದರು. ಶಿವಮೊಗ್ಗದಲ್ಲಿ ಪತ್ರಿಕೆಯ ಡೆಸ್ಕಿನಲ್ಲಿ ಕೂತು ಬೇರೆಯವರ ಸುದ್ದಿಗಳನ್ನು ತಿದ್ದುವ ನಾನು ಇನ್ನೂ ಸ್ವಲ್ಪ ಹೆಚ್ಚು ಕಳೆಯುತ್ತಿದ್ದೆ.

ಆ ದಿನ ಅವರು ಹೇಳಿದ್ದು ಇಷ್ಟು. ಹಿಂದಿನ ದಿನ ಸಂಜೆ, ಬಿಸಿಲು ಇಳಿಯುವ ಹೊತ್ತು, ಯಾರ್ಡಿನ ಬಯಲಿನಲ್ಲಿ ಕೆಲಸ. ಕೊಕ್ಕೆಯಲ್ಲಿ ಉಕ್ಕಿನ ಹಲಗೆಗಳ ಕಟ್ಟು ತೂಗುತ್ತಿತ್ತು. ಆಗ ಓಲ್ಡ್ ಟೌನ್ ಕಡೆಯ ಆಕಾಶದಲ್ಲಿ ತಟ್ಟೆಯಂಥದ್ದೊಂದು ಕಾಣಿಸಿತು. ಅವರು ಅದನ್ನು ನೋಡುತ್ತಿದ್ದಾಗ ಕೆಳಗಿನವನು ನಿಲ್ಲಿಸು ಎಂದು ಮುಷ್ಟಿ ಎತ್ತಿದ್ದು ಅವರಿಗೆ ಕಾಣಲಿಲ್ಲ. ಕಟ್ಟು ನಿಲ್ಲಬೇಕಾದ ಜಾಗ ದಾಟಿ ಹೋಯಿತು. ಹುಡುಗರು ಕೂಗಿಕೊಂಡು ಪಕ್ಕಕ್ಕೆ ಹಾರಿದರು. ಯಾರಿಗೂ ಏನೂ ಆಗಲಿಲ್ಲ. ಸೂಪರ್‌ವೈಸರ್ ಕೇಳಿದಾಗ ಮಾವ ಸುಳ್ಳು ಹೇಳದೆ ಕಂಡದ್ದನ್ನು ಕಂಡ ಹಾಗೆ ಹೇಳಿದರು. ಆತ ಬಯ್ಯಲಿಲ್ಲ. ಮೆಲ್ಲಗೆ, ಸ್ವಲ್ಪ ದಿನ ರೆಸ್ಟ್ ತಗೊಳ್ಳಿ, ಡಾಕ್ಟರಿಗೆ ತೋರಿಸ್ಕೊಂಡು ಬನ್ನಿ ಎಂದನಂತೆ. ಆ ಮೆಲ್ಲಗಿನ ದನಿಯೇ ಮಾವನನ್ನು ಚುಚ್ಚಿತ್ತು.

"ನಿನ್ ಪೇಪರ್‌ಗೆ ಹಾಕು ಅಂತ ಫೋನ್ ಮಾಡಿಲ್ಲ ಕಣೋ" ಎಂದರು. "ಇನ್ಯಾರಾದ್ರೂ ನೋಡಿದ್ರಾ, ಅಷ್ಟು ಹುಡುಕಿ ಹೇಳು. ಅದು ಆಕಾಶದಲ್ಲಿತ್ತೋ ನನ್ ತಲೇಲಿತ್ತೋ ಗೊತ್ತಾಗ್ಬೇಕು. ತಲೇಲಿತ್ತು ಅಂದ್ರೆ ನಾನು ಇನ್ ಮೇಲೆ ಹತ್ತಬಾರ್ದು. ಕೆಳಗೆ ಜನ ಇರ್ತಾರೆ."

ಮಾವನ ಬಾಯಲ್ಲಿ ಬೇಡುವ ದನಿ ನಾನು ಕೇಳಿದ್ದು ಅದೇ ಮೊದಲು. ಬರುತ್ತೇನೆ ಎಂದೆ.

ಭಾನುವಾರ ಬಸ್ಸು ಹಿಡಿದು ಜನ್ನಾಪುರಕ್ಕೆ ಹೋದೆ. ಅಷ್ಟರಲ್ಲಿ ಶಿವಮೊಗ್ಗದ ಕಣ್ಣಿನ ಡಾಕ್ಟರು ಮಾವನ ಕಣ್ಣು ಚೆನ್ನಾಗಿದೆ ಎಂದಿದ್ದರು. ಆದರೆ ವಯಸ್ಸಾದಾಗ ಕಣ್ಣು ಸರಿಯಿದ್ದರೂ ಮಿದುಳು ಇಲ್ಲದ್ದನ್ನು ತೋರಿಸುವುದುಂಟು, ಸುಮ್ಮನೆ ಒಮ್ಮೆ ಅದನ್ನೂ ನೋಡಿಸಿ ಎಂದು ಸೇರಿಸಿದ್ದರು. ಮನೆಯಲ್ಲಿ ಆ ಸುಮ್ಮನೆ ಎಂಬ ಮಾತು ದೊಡ್ಡದಾಗಿ ಕೂತಿತ್ತು.

ಬಾಯಲ್ಲಿ ಹೇಳಬೇಡಿ, ಮಾಡಿ ತೋರಿಸಿ ಎಂದು ಮಾವನನ್ನು ಕೇಳಿದೆ. ಅವರು ಅಡುಗೆಮನೆಗೆ ಹೋಗಿ ಇಡ್ಲಿ ಪಾತ್ರೆಯ ಮುಚ್ಚಳ ತಂದರು.

"ಇಷ್ಟು ವರ್ಷ ಕಬ್ಬಿಣ ಎತ್ತಿದ್ದಾಯ್ತು, ಈಗ ನನ್ ಮುಚ್ಚಳ ಎತ್ತೋಕೆ ಶುರು ಮಾಡಿದಾರೆ" ಎಂದರು ಅತ್ತೆ. "ಕೆಳಗೆ ಬೀಳಿಸ್ಬೇಡಿ. ಆಮೇಲೆ ಆವಿ ನಿಲ್ಲಲ್ಲ." ಹೀಗೆಂದವರು ಒಳಗೆ ಹೋಗಲಿಲ್ಲ, ಬಾಗಿಲಲ್ಲೇ ನಿಂತು ಗಂಡನ ಕೈಯನ್ನೇ ನೋಡುತ್ತಿದ್ದರು. ಕೈ ನಡುಗುತ್ತದೆಯೇ ಎಂದು ನೋಡುತ್ತಿದ್ದರೆಂದು ನನಗನಿಸಿತು.

ನಡುಗಲಿಲ್ಲ. ಮುಚ್ಚಳ ನೆಟ್ಟಗೆ ಗಾಳಿಯಲ್ಲಿ ತೇಲಿ ಬಂದು ತಟ್ಟನೆ ನಿಂತಿತು. ನಿಂತ ಮೇಲೆ ಅದರ ಮುಂದಿನ ಅಂಚು ತುಸು ಎದ್ದಿತು, ಓಲಾಡಿತು. ಆಗ ಮಾವ ಅದನ್ನು ಇನ್ನೊಂದು ಗೇಣು ಮುಂದೆ ಸರಿಸಿದರು. ಓಲಾಟ ಅಲ್ಲೇ ಸತ್ತಿತು. ಸ್ವಲ್ಪ ಹೊತ್ತು ಅಲುಗಾಡದೆ ನಿಂತು, ಆಮೇಲೆ ಓರೆಯಾಗಿ, ಅವರ ಎಡಕ್ಕೆ, ಶಿವಮೊಗ್ಗದ ದಿಕ್ಕಿಗೆ ಜಾರಿಹೋಯಿತು. ತಿರುಗಲಿಲ್ಲ, ವಾಲಲಿಲ್ಲ. ಬಣ್ಣ ಕೇಳಿದೆ. ಬೆಳ್ಳಿ ಎಂದರು.

"ನೋಡು" ಎಂದರು ಮಾವ, ಮುಚ್ಚಳವನ್ನು ಮಡಿಲಲ್ಲಿಟ್ಟುಕೊಂಡು. ಆಮೇಲೆ ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ. ಸ್ಕೂಟರಿಗೆ ಮುಖವಿದೆ, ಬಸ್ಸಿಗಿದೆ, ಹದ್ದಿಗೂ ಮೀನಿಗೂ ಇದೆ. ಮುಖ ಇದ್ದದ್ದು ಬೇರೆ ಕಡೆ ಹೋಗಬೇಕಾದರೆ ಮೊದಲು ಮುಖ ತಿರುಗಿಸಬೇಕು, ತಿರುಗುವಾಗ ವಾಲಬೇಕು. ವಿಮಾನವೂ ವಾಲುತ್ತದೆ. ಕ್ರೇನಿಗೆ ಮುಖವಿಲ್ಲ. ಉದ್ದಕ್ಕೆ ಒಂದು ಓಟ, ಅಡ್ಡಕ್ಕೆ ಒಂದು ಓಟ. ಎರಡನ್ನೂ ಒಟ್ಟಿಗೆ ಬಿಟ್ಟರೆ ಓರೆ. ಯಾವ ಕಡೆಗೆ ಹೋದರೂ ಅದಕ್ಕೆ ಅದೇ ಮುಂದೆ. ಮಾವನ ಪ್ರಕಾರ ತಟ್ಟೆಯೂ ಹಾಗೆಯೇ. ಅದು ದುಂಡಗಿರುವುದು ಚಂದಕ್ಕಲ್ಲ, ಅದಕ್ಕೆ ಹಿಂದು ಮುಂದು ಬೇಡ, ಅದಕ್ಕೆ.

ಹಾಗಾದರೆ ತಾನೆಲ್ಲಿದ್ದೇನೆಂದು ಅದಕ್ಕೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. ಮುಖವಿದ್ದರೆ ಎಡ ಬಲ ಇರುತ್ತದೆ. ಮುಖವೇ ಇಲ್ಲದ್ದಕ್ಕೆ ದಿಕ್ಕು ಯಾವುದು?

ಮಾವ ಉತ್ತರವನ್ನು ಮೊದಲೇ ಯೋಚಿಸಿಟ್ಟಿದ್ದರು. ಕ್ರೇನಿಗೆ ದಿಕ್ಕು ಅದರ ಮೈಯಲ್ಲಿಲ್ಲ, ಹಳಿಯಲ್ಲಿದೆ. ಅದು ಓಡುವ ಹಳಿಯೇ ಅದಕ್ಕೆ ಪೂರ್ವ ಪಶ್ಚಿಮ. ತಟ್ಟೆಗೂ ಎಂಥದೋ ಹಳಿ ಇರಬೇಕು, ನಮ್ಮ ಕಣ್ಣಿಗೆ ಕಾಣದ್ದು. ಭೂಮಿಯ ಅಯಸ್ಕಾಂತವೋ ಇನ್ನೊಂದೋ ಎಂದು ಯೂಟ್ಯೂಬಿನಲ್ಲಿ ಕೇಳಿದ್ದ ಒಂದೆರಡು ಪದ ಸೇರಿಸಿದರು. ಅವು ಎಲ್ಲಿಗೂ ಹೊಂದಲಿಲ್ಲ. ನಾನು ಅವನ್ನು ಬಿಟ್ಟುಬಿಟ್ಟೆ. ಆದರೆ ಹಳಿಯ ಮಾತನ್ನು ಬಿಡಲಾಗಲಿಲ್ಲ. ಕಿಟಕಿಯಾಚೆ ಜನ್ನಾಪುರದ ಬರೀ ಆಕಾಶವಿತ್ತು, ಕೇಬಲ್ ತಂತಿಗಳ ಮೇಲೆ. ಅದರ ತುಂಬ ಗೆರೆಗಳಿರಬಹುದು, ನಾವು ಅವುಗಳ ಕೆಳಗೆ ತರಕಾರಿ ಚೀಲ ಹಿಡಿದು ಓಡಾಡುತ್ತಿರಬಹುದು ಎಂದು ಒಂದು ಗಳಿಗೆ ಅನಿಸಿತು.

ಆದರೆ ಅವರನ್ನು ಕಾಡುತ್ತಿದ್ದದ್ದು ಬೇರೆ. ನಿಂತ ಮೇಲೆ ಗೇಣು ಮುಂದೆ ಹೋದದ್ದು. ಅದನ್ನು ಅವರು ಮತ್ತೆ ಮತ್ತೆ ಮಾಡಿ ತೋರಿಸಿದರು. ಓಡುವ ಕ್ರೇನನ್ನು ನಿಲ್ಲಿಸಿದರೆ ಕೆಳಗೆ ತೂಗುವ ಲೋಡು ನಿಲ್ಲುವುದಿಲ್ಲ, ಮುಂದಕ್ಕೆ ಜೀಕುತ್ತದೆ. ಹೊಸಬ ಅದು ತಾನಾಗಿ ನಿಲ್ಲಲಿ ಎಂದು ಕಾಯುತ್ತಾನೆ. ಕೈ ಪಳಗಿದವನು ಲೋಡು ಮುಂದೆ ಜೀಕಿದ ಗಳಿಗೆಗೆ ಸರಿಯಾಗಿ ಕ್ರೇನನ್ನೂ ಒಂದಿಷ್ಟು ಮುಂದೆ ಬಿಟ್ಟು ಅದರ ನೆತ್ತಿಯ ಮೇಲೆ ತಂದು ನಿಲ್ಲಿಸುತ್ತಾನೆ. ಜೀಕು ಅಲ್ಲೇ ಮುಗಿಯುತ್ತದೆ. ಅದಕ್ಕೆ ಅವರಲ್ಲಿ ತೂಗಾಟ ಹಿಡಿಯುವುದು ಎನ್ನುತ್ತಾರೆ. ಹೇಳಿಕೊಡಲು ಬರುವುದಿಲ್ಲ, ಕೈಗೆ ಬರಬೇಕು.

"ಆ ತಟ್ಟೆ ತೂಗಾಟ ಹಿಡೀತು ಮಾರಾಯ" ಎಂದರು ಮಾವ. ದನಿ ಇಳಿದಿತ್ತು. "ತಾನಾಗೇ ಆಗೋದಲ್ಲ ಅದು. ಯಾರೋ ಹಿಡಿದ್ರು. ನಾನು ಹಿಡಿಯೋ ಹಂಗೇ."

ಅತ್ತೆ ಮುಚ್ಚಳ ಈಸಿಕೊಂಡು ಒಳಗೆ ಹೋದರು.

ಕಚೇರಿಗೆ ಬಂದು ಸಂಪಾದಕರ ಹತ್ತಿರ ವಿಷಯ ಹೇಳಿದೆ. ಖಚಿತವಾಗದ್ದನ್ನು ಅಚ್ಚು ಹಾಕುವುದಿಲ್ಲ ಎಂದರು. ಅದು ನನಗೂ ಬೇಕಾಗಿರಲಿಲ್ಲ. ನನಗೆ ಬೇಕಿದ್ದದ್ದು ಓದುಗರಿಗೆ ಎರಡು ಸಾಲಿನ ಪ್ರಶ್ನೆ: ಇಂಥ ದಿನ ಸಂಜೆ ಭದ್ರಾವತಿಯ ಆಕಾಶದಲ್ಲಿ ಅಸಾಮಾನ್ಯವಾದದ್ದೇನಾದರೂ ಕಂಡವರಿದ್ದರೆ ತಿಳಿಸಿ. ತಟ್ಟೆ ಎಂಬ ಮಾತಿಲ್ಲ, ಜಾಗದ ಸುಳಿವಿಲ್ಲ, ದಿಕ್ಕಿಲ್ಲ. ಸಾಕ್ಷಿಯ ಬಾಯಿಗೆ ನಾವೇ ತುತ್ತಿಟ್ಟರೆ ಅವರು ನಮ್ಮ ತುತ್ತನ್ನೇ ನಮಗೆ ವಾಪಸು ಕೊಡುತ್ತಾರೆ. ಒಳಪುಟದ ಮೂಲೆಯಲ್ಲಿ ಅದು ಬಂತು.

ವಾಟ್ಸಾಪ್ ತುಂಬಿಹೋಯಿತು. ಮದುವೆ ಶೂಟಿಂಗಿನ ಡ್ರೋನು, ಸಾಲಾಗಿ ಹೋಗುವ ಉಪಗ್ರಹಗಳು, ಗಾಳಿಪಟ, ಟ್ಯೂಬ್‌ಲೈಟಿನ ಪ್ರತಿಬಿಂಬ. ಒಬ್ಬರು ತ್ಯಾವರೆಕೊಪ್ಪದ ಸಫಾರಿಯಲ್ಲಿ ಹುಲಿಗಳೆಲ್ಲ ಆ ಸಂಜೆ ಒಟ್ಟಿಗೆ ಮೇಲೆ ನೋಡಿದವು ಎಂದು ಬರೆದರು. ವಿಚಾರಿಸಿದರೆ ಅವರು ಅಲ್ಲಿಗೆ ಹೋಗಿರಲೇ ಇಲ್ಲ. ಸೋಗಾನೆಯ ವಿಮಾನ ನಿಲ್ದಾಣದಲ್ಲಿ ಕೇಳಿದೆ. ಆ ಹೊತ್ತಿಗೆ ಯಾವ ವಿಮಾನವೂ ಇರಲಿಲ್ಲ ಎಂದರು. ಹವಾಮಾನದ ಬಲೂನಿನ ಸಾಧ್ಯತೆ ಕೇಳಿದೆ. ಗೊತ್ತಿಲ್ಲ ಎಂದರು. ಒಂದೊಂದನ್ನೇ ಬದಿಗಿಡುತ್ತಾ ಬಂದೆ. ಮಾವ ದಿನವೂ ಫೋನು ಮಾಡಿ ಊಟ ಆಯ್ತಾ ಎಂದು ಕೇಳುತ್ತಿದ್ದರು, ಬೇರೆ ಏನೂ ಕೇಳುತ್ತಿರಲಿಲ್ಲ.

ಹಾಗಿರುವಾಗ ಓಲ್ಡ್ ಟೌನಿನಿಂದ ಒಬ್ಬ ಹೆಂಗಸು ಕರೆ ಮಾಡಿದರು. ಸಂಸ್ಕೃತ ಮೇಷ್ಟ್ರಾಗಿದ್ದು ನಿವೃತ್ತರಾದವರು. ಕರೆಯ ಮೊದಲ ಮಾತೇ ನನ್ನನ್ನು ನೆಟ್ಟಗೆ ಕೂರಿಸಿತು. "ನಾನು ಹಾರುವ ತಟ್ಟೆ ನೋಡಿದೆ ಅಂತ ಹೇಳ್ತಾ ಇಲ್ಲ. ಒಂದು ವಸ್ತು ನೋಡಿದೆ. ಅದು ಏನು ಅಂತ ನಂಗೆ ಗೊತ್ತಿಲ್ಲ." ಇಷ್ಟು ಶುದ್ಧವಾಗಿ ಮಾತಾಡುವ ಸಾಕ್ಷಿ ನನ್ನ ಕೆಲಸದಲ್ಲಿ ಅಪರೂಪ. ಆದರೆ ಬಣ್ಣ ಕೇಳಿದರೆ ಕಪ್ಪು ಎಂದರು. ಎತ್ತ ಹೋಯಿತೆಂದರೆ, ಹೊಳೆಯ ಕಡೆಗೆ ನೋಡುತ್ತಿದ್ದೆ, ನನ್ನ ಬಲಕ್ಕೆ ಎಂದರು. ಮಾವ ಹೇಳಿದ್ದು ಬೆಳ್ಳಿ, ಎಡಕ್ಕೆ. ವಂದಿಸಿ ಫೋನಿಟ್ಟು, ಇದೂ ಬೇರೆಯದೇ ಎಂದು ಬದಿಗಿಟ್ಟೆ.

ಮಧ್ಯಾಹ್ನ ಊಟ ಮಾಡುತ್ತಿದ್ದಾಗ ತುತ್ತು ಕೈಯಲ್ಲೇ ಉಳಿಯಿತು. ಯಾರ್ಡು ಊರಿನ ಪಶ್ಚಿಮದ ಅಂಚಿನಲ್ಲಿದೆ, ಮಾವ ನೋಡಿದ್ದು ಪೂರ್ವಕ್ಕೆ, ಓಲ್ಡ್ ಟೌನ್ ಕಡೆ. ಈಕೆ ಓಲ್ಡ್ ಟೌನಿನಲ್ಲಿ ನಿಂತು ಪಶ್ಚಿಮಕ್ಕೆ ನೋಡಿದ್ದಾರೆ. ಇಬ್ಬರೂ ಎದುರುಬದುರು, ನಡುವೆ ಆ ವಸ್ತು. ಒಬ್ಬರ ಎಡ ಇನ್ನೊಬ್ಬರ ಬಲ. ಮುಳುಗುವ ಬಿಸಿಲು ಮಾವನ ಬೆನ್ನಿಗೆ, ಅವರಿಗೆ ಅದು ಬೆಳ್ಳಿಯಂತೆ ಹೊಳೆದಿದೆ. ಈಕೆಗೆ ಬಿಸಿಲು ಎದುರಿಗೆ, ಕಪ್ಪಾಗಿ ಕಂಡಿದೆ. ಎರಡು ಹೇಳಿಕೆ ಒಂದೇ ಆಗಿದ್ದಿದ್ದರೆ ನಾನು ಅನುಮಾನಪಡಬೇಕಿತ್ತು. ಕೈ ತೊಳೆದು ಬಸ್ ಸ್ಟ್ಯಾಂಡಿಗೆ ನಡೆದೆ.

ಮೇಷ್ಟ್ರಮ್ಮ ನನ್ನನ್ನು ಸೀದಾ ತಾರಸಿಗೆ ಕರೆದುಕೊಂಡು ಹೋದರು. ಹಳೆ ಸೀರೆಯ ಮೇಲೆ ಸಂಡಿಗೆ ಒಣಗುತ್ತಿತ್ತು. ಭದ್ರಾ ಹೊಳೆಯಾಚೆ ಊರಿನ ಉಳಿದರ್ಧ ಕಾಣುತ್ತಿತ್ತು. ಮಾವನ ವಿಷಯ ನಾನು ಎತ್ತಲಿಲ್ಲ. ಹೇಳಬೇಡಿ ಮೇಡಂ, ತೋರಿಸಿ ಎಂದಷ್ಟೇ ಕೇಳಿದೆ. ಕೆಳಗಿನಿಂದ ಊಟದ ತಟ್ಟೆಯೊಂದನ್ನು ತಂದರು. ಮೊದಲು ನಗು ಬಂದು ನಿಲ್ಲಿಸಿದರು, ಈ ವಯಸ್ಸಿಗೆ ಇದೊಂದು ಬಾಕಿ ಇತ್ತು ಎಂದರು. ಆಮೇಲೆ ಕೈ ಚಾಚಿದರು.

ತಟ್ಟೆ ತೇಲಿ ಬಂತು. ನಿಂತಿತು. ಅಂಚು ಎದ್ದು ಓಲಾಡಿತು. ಅವರ ಕೈ ಒಂದು ಗೇಣು ಮುಂದೆ ಹೋಯಿತು, ತಟ್ಟೆ ಅಲ್ಲೇ ತಣ್ಣಗಾಯಿತು. ಬಳಿಕ ಓರೆಯಾಗಿ ಅವರ ಬಲಕ್ಕೆ.

ಇನ್ನೊಮ್ಮೆ ಎಂದೆ. ಅದೇ ಆಯಿತು. ನಿಂತ ಮೇಲೆ ಮತ್ತೆ ಮುಂದೆ ಯಾಕೆ ತಂದಿರಿ ಎಂದು ಆದಷ್ಟು ಸಪ್ಪೆಯಾಗಿ ಕೇಳಿದೆ.

"ಅದು ಹಾಗೇ ಮಾಡಿತು. ಯಾಕೆ ಮಾಡಿತು ಅಂತ ನನ್ನ ಕೇಳಿದ್ರೆ?"

ಈ ವಿವರ ಜಗತ್ತಿನಲ್ಲಿ ಎರಡೇ ಕಡೆ ಇತ್ತು. ಒಂದು, ಬದುಕೆಲ್ಲ ತೂಗಾಟ ಹಿಡಿದ ಮಾವನ ಕೈಯಲ್ಲಿ. ಇನ್ನೊಂದು, ಕ್ರೇನನ್ನು ದೂರದಿಂದಲೂ ಗಮನಿಸದ ಈ ಹೆಂಗಸಿನ ಕೈಯಲ್ಲಿ. ಎರಡರ ನಡುವೆ ಆಕಾಶ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ವರ್ಷಗಟ್ಟಲೆ ಸುದ್ದಿ ನೋಡಿದ್ದೇನೆ, ಪ್ರವಾಹ, ಬೆಂಕಿ, ಚುನಾವಣೆ. ಇಂಥದ್ದನ್ನು ಎಂದೂ ನೋಡಿರಲಿಲ್ಲ. ನೀರಿನ ಟ್ಯಾಂಕಿಗೆ ಒರಗಿಕೊಂಡೆ. ಅವರು ಬಿಸಿಲಿಗೆ ಎಂದುಕೊಂಡು ಮಜ್ಜಿಗೆ ತಂದುಕೊಟ್ಟರು.

ಮುಂದಿನ ಭಾನುವಾರ ಮಾವ, ಅತ್ತೆಯನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಮಾವ ಇಸ್ತ್ರಿ ಮಾಡಿದ ಶರ್ಟು ಹಾಕಿದ್ದರು. ಮೇಷ್ಟ್ರಮ್ಮನ ಕೈಯಲ್ಲಿ ತಟ್ಟೆ ಗೇಣು ಮುಂದೆ ಹೋದದ್ದನ್ನು ನೋಡಿದಾಗ ಅವರು ಕೂತಲ್ಲೇ ಕಣ್ಣು ಮುಚ್ಚಿ, ಉಸಿರು ಹೊರಗೆ ಬಿಟ್ಟರು. ಅತ್ತೆ ಅವರ ಬೆನ್ನ ಮೇಲೆ ಕೈ ಇಟ್ಟರು. ಅಲ್ಲಿಯವರೆಗೆ ಅತ್ತೆ ಎಷ್ಟು ಹೆದರಿದ್ದರೆಂದು ಆ ಕೈಯಲ್ಲಿ ತಿಳಿಯಿತು.

ಆಮೇಲೆ ಜಗಳ ಶುರುವಾಯಿತು. ಮಾವ ಕ್ರೇನಿನ ಸಿದ್ಧಾಂತ ಬಿಚ್ಚಿದರು: ಅದು ಮೇಲಿನಿಂದ ಯಾವುದಕ್ಕೋ ನೇತುಬಿದ್ದಿದೆ, ನಾವು ನೋಡಿದ್ದು ಲೋಡು ಮಾತ್ರ, ನಡೆಸುವವರು ಇನ್ನೂ ಮೇಲೆ. ಮೇಷ್ಟ್ರಮ್ಮ ಒಪ್ಪಲಿಲ್ಲ. ಅವರಿಗೆ ಅಂಚು ಮಿನುಗಿ ಮಿನುಗಿ ಕಂಡಿತ್ತು. ಅದು ತನ್ನ ಸುತ್ತ ತಾನೇ ತಿರುಗುತ್ತಿದೆ, ಬುಗುರಿಯ ಹಾಗೆ. ತಿರುಗುವುದರಿಂದಲೇ ಅದು ಬೀಳುವುದಿಲ್ಲ, ದಿಕ್ಕೂ ತಪ್ಪುವುದಿಲ್ಲ. ಓಲಾಡಿದ್ದು ಬುಗುರಿ ತಲೆದೂಗುವ ಹಾಗೆ.

"ಬುಗುರಿಗೆ ನೆಲ ಬೇಕಲ್ರೀ ಮೇಡಂ" ಎಂದರು ಮಾವ.

"ನಿಮ್ಮ ಕ್ರೇನಿಗೆ ಕಂಬ ಬೇಡ್ವಾ?"

ಅತ್ತೆ ನಕ್ಕರು. ಮಾವನ ಬಾಯಿ ಮುಚ್ಚಿಸಿದ ಹೆಂಗಸನ್ನು ಅವರು ಮೆಚ್ಚುಗೆಯಿಂದ ನೋಡುತ್ತಿದ್ದರು. ನಾನು ಇಬ್ಬರ ಪಕ್ಷವನ್ನೂ ವಹಿಸಲಿಲ್ಲ. ನೇತಾಡುವುದಾದರೆ ಯಾವುದರಿಂದ, ತಿರುಗುವುದಾದರೆ ಯಾವುದರ ಮೇಲೆ? ಇಬ್ಬರೂ ತಮಗೆ ಗೊತ್ತಿದ್ದ ಒಂದೊಂದು ಆಸರೆಯನ್ನು ಅದಕ್ಕೆ ಕೊಡುತ್ತಿದ್ದರು. ಆಸರೆಯೇ ಇಲ್ಲದೆ ನಿಲ್ಲುವ, ತನ್ನ ಓಲಾಟವನ್ನು ತಾನೇ ಅರಿತು ಸರಿಪಡಿಸಿಕೊಳ್ಳುವ ಒಂದು ವಸ್ತುವನ್ನು ಊಹಿಸಲು ನಮ್ಮಲ್ಲಿ ಯಾರಿಗೂ ಆಗುತ್ತಿರಲಿಲ್ಲ. ಹೊಳೆಯ ಮೇಲಿನ ಆಕಾಶ ಖಾಲಿಯಾಗಿ ಹೊಳೆಯುತ್ತಿತ್ತು. ಮಾತು ನಿಂತಾಗ ಎಲ್ಲರೂ ಅತ್ತಲೇ ನೋಡುತ್ತಿದ್ದೆವು.

ಏಳುವ ಹೊತ್ತಿಗೆ ಮಾವ, ನೀವು ಎಷ್ಟು ಹೊತ್ತು ನೋಡಿದ್ರಿ ಮೇಡಂ ಎಂದು ಕೇಳಿದರು. ಅದು ಕಾಣದಾಗುವ ತನಕ ಎಂದರು ಅವರು. ಅಷ್ಟರಲ್ಲಿ ಕಾಗೆಗಳು ಬಂದು ಅರ್ಧ ಸಂಡಿಗೆ ತಿಂದು ಮುಗಿಸಿದ್ದವಂತೆ, ಕಾಲ ಬುಡದಲ್ಲೇ, ಅವರಿಗೆ ಗೊತ್ತೇ ಆಗಿರಲಿಲ್ಲ. ಅತ್ತೆ ಮತ್ತೆ ನಕ್ಕರು. ಮಾವ ನಗಲಿಲ್ಲ. ವಾಪಸು ಬರುವಾಗ ಆಟೋದಲ್ಲಿ ಸೀಟಿಗೆ ಒರಗಿ ಹೊರಗೆ ನೋಡುತ್ತಾ ಕೂತರು. ಸುಸ್ತು ಎಂದುಕೊಂಡೆ.

ಮಾರನೆಯ ದಿನ ಮಾವನ ಜತೆ ಯಾರ್ಡಿಗೆ ಹೋದೆ. ನಾನು ಹೇಳಬೇಕಾದ್ದನ್ನು ಅಳೆದು ಹೇಳಿದೆ: ಕಣ್ಣು ಸರಿಯಿದೆಯೆಂದು ಡಾಕ್ಟರು ಹೇಳಿದ್ದಾರೆ, ಅದೇ ಹೊತ್ತಿಗೆ ಅದೇ ವಸ್ತುವನ್ನು ಇನ್ನೊಬ್ಬರು ಬೇರೆ ಜಾಗದಿಂದ ನೋಡಿದ್ದಾರೆ, ಅದು ಏನೆಂದು ನನಗೆ ತಿಳಿದಿಲ್ಲ. ಸೂಪರ್‌ವೈಸರ್ ಮಾವನಿಗೆ ಮಗನ ವಯಸ್ಸಿನವನು, ಒಳ್ಳೆಯವನು. ಅವನ ಮುಖ ಅರಳಿತು. ಹಾಗಾದ್ರೆ ಮುಗೀತಲ್ಲ ಸಾರ್, ಇವತ್ತೇ ಹತ್ಲಿ ಎಂದ.

ಮಾವ ಕುರ್ಚಿಯಿಂದ ಏಳಲಿಲ್ಲ.

"ಇಲ್ಲಪ್ಪ" ಎಂದರು. "ಅದು ಇದ್ದದ್ದು ನಿಜ. ಹಂಗಾದ್ರೆ ನಾನು ಲೋಡು ಬಿಟ್ಟು ಅದನ್ನ ನೋಡ್ತಾ ಕೂತದ್ದೂ ನಿಜ. ತಲೆ ಕೆಟ್ಟಿದ್ರೆ ಮಾತ್ರೆ ನುಂಗಿ ಬರ್ತಿದ್ದೆ. ಇದಕ್ಕೆ ಮಾತ್ರೆ ಇಲ್ಲ."

ಹುಡುಗ ಸಮಾಧಾನ ಹೇಳಿದ. ಯಾರಾದರೂ ನೋಡುತ್ತಿದ್ದರು, ಅಂಥದ್ದು ಬಂದರೆ ಯಾರು ನೋಡುವುದಿಲ್ಲ, ಮತ್ತೆ ಬರುವಂಥದ್ದೂ ಅಲ್ಲ ಎಂದ.

"ಬರ್ಲಿ ಅಂತ ಕಾಯ್ತಾ ಇದೀನಲ್ಲ" ಎಂದರು ಮಾವ. "ಅದೇ ತೊಂದ್ರೆ. ಮೇಲೆ ಹತ್ತಿ ಕೂತ್ರೆ ಕೆಳಗೆ ನೋಡಲ್ಲ ನಾನು."

ಹೆಲ್ಮೆಟ್ಟು ಮೇಜಿನ ಮೇಲಿಟ್ಟರು. ಆವತ್ತು ಅಲ್ಲೇ ಬಿಟ್ಟುಹೋಗಿದ್ದ ತಮ್ಮ ಕೈಚೀಲವನ್ನು ಎತ್ತಿಕೊಂಡರು. ಹುಡುಗ ನನ್ನ ಕಡೆ ನೋಡಿದ. ನಾನು ಮಾವನ ಪರವಾಗಿ ವಾದಿಸಲು ಬಂದವನು, ಈಗ ಯಾವ ಪರ ಎಂದೇ ತಿಳಿಯಲಿಲ್ಲ. ಹೊರಗೆ ಬಂದ ಮೇಲೆ ಮಾವ ಗೇಟಿನವನ ಹತ್ತಿರ ಸ್ವಲ್ಪ ಹೊತ್ತು ಮಾತಾಡಿದರು, ಅವನ ಮಗಳ ಪರೀಕ್ಷೆ ವಿಚಾರಿಸಿದರು. ಆಮೇಲೆ ರಸ್ತೆ ದಾಟದೆ ಅಲ್ಲೇ ಬೇಲಿಯ ಪಕ್ಕ ನಿಂತು, ಕಣ್ಣಿಗೆ ಅಂಗೈ ಅಡ್ಡ ಹಿಡಿದು, ಓಲ್ಡ್ ಟೌನ್ ಕಡೆ ನೋಡತೊಡಗಿದರು. ಬಸ್ಸು ಬಂತು. ಕಂಡಕ್ಟರ್ ಕೂಗಿದ. ನಾನು ಅವನಿಗೆ ಹೋಗಿ ಎಂದು ಕೈ ತೋರಿಸಿ, ಮಾವನ ಪಕ್ಕದಲ್ಲಿ ನಿಂತುಕೊಂಡೆ.